ಬಾಟಲಿಯ ಗೋಡೆಗೆ ಹತ್ತಿದ ಬೆಣ್ಣೆ

ಆಸ್ಪತ್ರೆಯಿಂದ ಖಾಲಿಯಾಗಿ ಬಂದ ಬಾಟಲಿಗಳನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಷ್ಟಿಯೊಳಗೆ ಹಿಡಿಯುವಂಥ ಸಣ್ಣ ಪ್ಲಾಸ್ಟಿಕ್ ಬಾಟಲಿಗಳು. ಬೆಳಿಗ್ಗೆ ನನ್ನ ಮಗಳ ಎದೆಹಾಲು ತುಂಬಿಕೊಂಡು ಹೊನ್ನವಳ್ಳಿಯಿಂದ ತಿಪಟೂರಿಗೆ ಹೋಗುತ್ತಿದ್ದವು, ಮಧ್ಯಾಹ್ನ ಬರಿದಾಗಿ ವಾಪಸ್ ಬರುತ್ತಿದ್ದವು. ಅವತ್ತು ಹಿತ್ತಲಲ್ಲಿ ಕೂತು ಒಂದು ಬಾಟಲಿಯೊಳಕ್ಕೆ ಬೆರಳು ಹಾಕಿದೆ. ಜಿಡ್ಡು ಹತ್ತಿತು. ಹಾಲು ಇದ್ದ ಪಾತ್ರೆಯಲ್ಲಿ ಜಿಡ್ಡು ಇರುವುದು ಹೊಸದಲ್ಲ, ಆದರೆ ಇದು ಲೆಕ್ಕಕ್ಕಿಂತ ಜಾಸ್ತಿ ಇತ್ತು. ಬಿಸಿಲಿಗೆ ಹಿಡಿದು ನೋಡಿದೆ. ಒಳಗಿನ ಗೋಡೆಯ ಮೇಲೆ ಸಣ್ಣ ರವೆಯ ಹಾಗೆ ಬಿಳಿ ಕಾಳು ಅಂಟಿಕೊಂಡಿತ್ತು. ಉಗುರಲ್ಲಿ ಕೆರೆದು ಮೂಸಿದೆ.

ಬೆಣ್ಣೆ.

ನಾನು ಹುಟ್ಟಿದ್ದು ಹಂದನಕೆರೆ ಕಡೆ. ನಮ್ಮವ್ವ ಬೆಣ್ಣೆ ಮಾರಿ ಮನೆ ನಡೆಸಿದವಳು. ನನಗೆ ಮೂರನೇ ಕ್ಲಾಸು ಸಾಕು ಅಂದು ಕೈಗೆ ಕಡೆಗೋಲಿನ ಹಗ್ಗ ಕೊಟ್ಟಳು. ಅದರ ಬಗ್ಗೆ ನನಗೆ ಸಂಕಟವೇನಿಲ್ಲ, ಸ್ಕೂಲಿನಲ್ಲಿ ನಾನು ಅಂಥ ಜಾಣೆಯೂ ಆಗಿರಲಿಲ್ಲ. ಆದರೆ ಬೆಣ್ಣೆ ಹೇಗೆ ಬರುತ್ತದೆ ಅನ್ನುವುದು ನನ್ನ ತೋಳಿಗೆ ಗೊತ್ತು. ಗಡಿಗೆಯನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. ತುಂಬಿದರೆ ಮೊಸರು ಎದ್ದು ಬಿದ್ದು ಬಡಿದಾಡುವುದಕ್ಕೆ ಜಾಗ ಸಿಗುವುದಿಲ್ಲ. ತಣ್ಣಗಿರಬೇಕು. ಎಳೆಯುವುದನ್ನು ನಡುವೆ ನಿಲ್ಲಿಸಬಾರದು. ಎಷ್ಟು ಎಳೆದರೂ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ತೋಳು ಬಿದ್ದುಹೋಗುತ್ತದೆ, ಇನ್ನು ಸಾಕು ಅನ್ನುವಷ್ಟರಲ್ಲಿ ಕಡೆಗೋಲಿನ ಸದ್ದು ಬೇರೆಯಾಗುತ್ತದೆ. ಅಷ್ಟೊತ್ತಿಗೆ ಮೊಸರಿನ ತುಂಬ ಹರಡಿಕೊಂಡಿದ್ದ ಜಿಡ್ಡೆಲ್ಲ ಬಡಿದುಕೊಂಡು ಬಡಿದುಕೊಂಡು ಒಂದಕ್ಕೊಂದು ಅಂಟಿ ಕಾಳು ಕಟ್ಟಿರುತ್ತದೆ. ಉಳಿದದ್ದು ಮಜ್ಜಿಗೆ. ಒಂದು ಸಲ ಕಾಳಾದರೆ ಮುಗಿಯಿತು, ಅದನ್ನು ಮತ್ತೆ ಮೊಸರು ಮಾಡುವವರು ಯಾರೂ ಇಲ್ಲ.

ಬಾಟಲಿಯಲ್ಲಿದ್ದದ್ದು ಅಂಥ ಕಾಳು. ನನ್ನ ಮಗಳ ಹಾಲನ್ನು ಯಾರೋ ದಾರಿಯಲ್ಲಿ ಕಡೆಯುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದ ಮೊಮ್ಮಗಳಿಗೆ ಮಜ್ಜಿಗೆ ನೀರು ಹೋಗುತ್ತಿತ್ತು.

ಈ ಮಗಳು ನಮಗೆ ಕಿರಿಯವಳು. ಹುಳಿಯಾರಿಗೆ ಕೊಟ್ಟಿದ್ದೇವೆ, ಅಳಿಯನದು ಅಲ್ಲಿ ಟೈರಿನ ಅಂಗಡಿಯಲ್ಲಿ ಕೆಲಸ. ಮದುವೆಯಾಗಿ ಬಹಳ ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಜನ ಏನೇನು ಆಡುತ್ತಾರೆ ಅನ್ನುವುದನ್ನು ಬರೆಯಬೇಕಾಗಿಲ್ಲ, ಎಲ್ಲ ಊರಿನಲ್ಲೂ ಅದನ್ನೇ ಆಡುತ್ತಾರೆ. ಅಂತೂ ಬಸಿರು ನಿಂತಿತು. ಎಂಟನೇ ತಿಂಗಳಿಗೆ ನಮ್ಮ ಮನೆಗೆ ಬಂದಳು, ಬಂದ ವಾರದಲ್ಲೇ ಕಾಲು ಮುಖ ಊದಿಕೊಂಡಿತು, ಬಿ.ಪಿ. ಏರಿತು. ತಿಪಟೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ನಮ್ಮ ಯಜಮಾನರು ಗಾಜಿನಾಚೆಯಿಂದ ನೋಡಿ, ಸುಲಿಯದ ಕಾಯಿಗಿಂತ ಹಗುರ ಇರಬೇಕು ಅಂದರು. ಅವರು ಕಣ್ಣಳತೆಯಲ್ಲೇ ಕಾಯಿಯ ತೂಕ ಹೇಳುವ ಮನುಷ್ಯ, ತಪ್ಪಿರಲಿಕ್ಕಿಲ್ಲ.

ಮಗುವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು, ಮೂಗಿನಲ್ಲಿ ದಾರದಂಥ ನಳಿಗೆ ಇಳಿಸಿ ಹಾಲು ಬಿಡುತ್ತಿದ್ದರು. ತಾಯಿ ಅಲ್ಲೇ ಇರಬೇಕಿತ್ತು. ಆದರೆ ಇವಳ ಹೊಲಿಗೆ ಕೀವಾಯಿತು, ಜ್ವರ ಬಂತು. ಕೂರಲಿಕ್ಕೆ ಆಗುವುದಿಲ್ಲ, ನಿಲ್ಲಲಿಕ್ಕೆ ಆಗುವುದಿಲ್ಲ. ಮನೆಗೆ ಹೋಗಿ ಮಲಗಲಿ, ಹಾಲು ತೆಗೆದು ಕಳಿಸಲಿ, ಹಾಲಿಗೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರು. ನರ್ಸಮ್ಮ ಕೈಯಲ್ಲಿ ಒತ್ತುವ ಒಂದು ಪಂಪು, ಐಸು ಇಡುವ ಒಂದು ಡಬ್ಬಿ ಕೊಟ್ಟರು. ಅಳಿಯ ಅಂಗಡಿ ಬಿಟ್ಟು ಬಹಳ ದಿನ ಇರುವ ಹಾಗಿರಲಿಲ್ಲ. ಹಾಲು ಸಾಗಿಸುವ ಕೆಲಸವನ್ನು ಯಜಮಾನರು ತಾವಾಗಿಯೇ ಹಿಡಿದುಕೊಂಡರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವುದಕ್ಕೆ ಮೊದಲೇ ಮೊಪೆಡ್ ಹತ್ತುತ್ತಿದ್ದರು. ಅದರ ಮುಂದಿನ ಕೊಕ್ಕೆಯಲ್ಲಿ ಯಾವಾಗಲೂ ಕೊಬ್ಬರಿ ಚೀಲ ನೇತಾಡುತ್ತದೆ. ಈಗ ಅಲ್ಲಿ ಹಾಲಿನ ಡಬ್ಬಿ ನೇತಾಡತೊಡಗಿತು.

ಮಗಳು ಗೋಡೆಗೆ ದಿಂಬು ಕೊಟ್ಟು ಒರಗಿ ಹಾಲು ತೆಗೆಯುತ್ತಿದ್ದಳು, ನಾನು ಬಾಟಲಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಮಗು ಎದೆಗೆ ಬಾಯಿ ಹಾಕಿದರೆ ಹಾಲು ತಾನೇ ಇಳಿಯುತ್ತದೆ. ಪ್ಲಾಸ್ಟಿಕ್ಕಿಗೆ ಇಳಿ ಅಂದರೆ ಸುಲಭವಾಗಿ ಇಳಿಯುವುದಿಲ್ಲ. ಅವಳು ಕಣ್ಣು ಮುಚ್ಚಿ ಮಗುವಿನ ಮುಖ ನೆನೆಸಿಕೊಳ್ಳುತ್ತಿದ್ದಳು. ಹಾಗೆ ಮಾಡು ಎಂದು ನರ್ಸಮ್ಮನೇ ಹೇಳಿದ್ದಂತೆ. ಬಾಟಲಿ ಅರ್ಧ ಆಗುವಷ್ಟರಲ್ಲಿ ಅವಳಿಗೂ ಬೆವರು, ನನಗೂ ಬೆವರು.

ಮಗು ತೂಕಕ್ಕೆ ಬಂದರೆ ಮಾತ್ರ ಮನೆಗೆ ಬಿಡುತ್ತೇವೆ ಅಂದಿದ್ದರು. ದಿನವೂ ಯಜಮಾನರು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಇವಳು ಮುಖ ನೋಡುತ್ತಿದ್ದಳು. ತೂಕ ಏರುತ್ತಿರಲಿಲ್ಲ. ಒಂದು ದಿನ ಇಳಿದೂ ಇತ್ತು. ಆ ದಿನ ನರ್ಸಮ್ಮ, ಹಾಲು ಯಾಕೋ ತೆಳ್ಳಗಿದೆ, ಬಾಣಂತಿ ಚೆನ್ನಾಗಿ ಊಟ ಮಾಡಲಿ ಅಂದಿದ್ದಾರೆ. ಇವರಿಗೆ ಮಾತನ್ನು ಅಡಗಿಸಿ ಹೇಳಲು ಬರುವುದಿಲ್ಲ, ಹಾಗೆಯೇ ತಂದು ನಡುಮನೆಯಲ್ಲಿ ಹಾಕಿದರು.

ನಾನು ಬೆಳ್ಳುಳ್ಳಿ ಹುರಿದೆ, ಸಬ್ಬಸಿಗೆ ಸೊಪ್ಪು ಬೇಯಿಸಿದೆ, ಕೊಬ್ಬರಿ ಬೆಲ್ಲ ಕುಟ್ಟಿ ಕೊಟ್ಟೆ. ಅವಳು ಎಲ್ಲವನ್ನೂ ತಿಂದಳು, ಔಷಧಿ ನುಂಗಿದ ಹಾಗೆ. ಎರಡು ದಿನವಾದರೂ ತೂಕ ಅಲ್ಲೇ ನಿಂತಿತ್ತು. ಆಮೇಲೆ ಒಂದು ಬೆಳಿಗ್ಗೆ ಪಂಪನ್ನು ಪಕ್ಕಕ್ಕಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು.

"ಪುಡಿ ಹಾಲು ಕೊಡಾಕೆ ಹೇಳವ್ವ," ಅಂದಳು. "ಹೊಟ್ಟೇಲೂ ಪೂರ್ತಿ ಇಟ್ಕಳಾಕೆ ಆಗ್ಲಿಲ್ಲ. ಹಾಲೂ ನೀರು. ನನ್ ಮೈಯೇ ಸರಿಯಿಲ್ಲ."

ಹಾಗೆಲ್ಲ ಅನ್ನಬೇಡ ಎಂದು ತಲೆ ಸವರುವ ಅಭ್ಯಾಸ ನನಗಿಲ್ಲ. ನನಗೆ ಭಯವಾಗಿದ್ದು ಬೇರೆ. ಹಿಂಡುವುದನ್ನು ಬಿಟ್ಟರೆ ಕೆಚ್ಚಲು ಬತ್ತುತ್ತದೆ. ಹಸುವಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಇವತ್ತು ಬೇಸರ ಅಂತ ಬಿಟ್ಟರೆ, ಮಗು ಮನೆಗೆ ಬರುವ ಹೊತ್ತಿಗೆ ಎದೆಯಲ್ಲಿ ಏನೂ ಇರುವುದಿಲ್ಲ. ಅಷ್ಟು ವರ್ಷ ಕಾದು ಹೆತ್ತವಳು ಮಗುವನ್ನು ಎದೆಗೆ ಹಾಕಿಕೊಳ್ಳದೆ ಉಳಿಯುತ್ತಾಳೆ. ಆ ದಿನದ ಮಟ್ಟಿಗೆ ಬೈದು ಎಬ್ಬಿಸಿ ಹಿಂಡಿಸಿದೆ. ಆದರೆ ದಿನಾ ಬೈದು ಹಾಲು ತೆಗೆಸಲು ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ಅದೇ ದಿನ ಮಧ್ಯಾಹ್ನ ನಾನು ಬಾಟಲಿ ತೊಳೆಯಲು ಕೂತಿದ್ದು.

ಮೊದಲು ನನಗೆ ಹೊಳೆದದ್ದು ರಸ್ತೆ. ನಮ್ಮ ತೋಟದ ಮನೆಯಿಂದ ಟಾರು ರಸ್ತೆಯವರೆಗೆ ಬರೀ ಕಲ್ಲು. ಡಬ್ಬಿಯಲ್ಲಿ ಐಸು, ಬಾಟಲಿ ಅರ್ಧ ಖಾಲಿ, ಮೊಪೆಡ್ಡಿನ ನಡುಕ. ನಮ್ಮವ್ವನ ಗಡಿಗೆಗೆ ಬೇಕಾದದ್ದೆಲ್ಲ ಅಲ್ಲಿತ್ತು. ಮಾರನೇ ದಿನ ನಾನೂ ಬರುತ್ತೇನೆ ಎಂದೆ. ಇಬ್ಬರನ್ನು ಹೊತ್ತರೆ ಮೊಪೆಡ್ ಏರು ಹತ್ತುವುದಿಲ್ಲ ಎಂದು ಅವರು ಗೊಣಗಿದರು. ಹತ್ತದಿದ್ದರೆ ಇಳಿದು ತಳ್ಳುತ್ತೇನೆ ಎಂದು ಹಿಂದೆ ಕೂತೆ. ಡಬ್ಬಿಯನ್ನು ಕೊಕ್ಕೆಗೆ ಹಾಕಲು ಬಿಡದೆ ತೊಡೆಯ ಮೇಲಿಟ್ಟುಕೊಂಡು, ಸೆರಗು ಸುತ್ತಿ, ಎರಡು ಕೈಯಲ್ಲಿ ಹಿಡಿದೆ. ಅವತ್ತಿನ ಕುಲುಕಾಟವನ್ನೆಲ್ಲ ನನ್ನ ಸೊಂಟ ತಿಂದಿತು, ಹಾಲು ಅಷ್ಟಾಗಿ ತಿನ್ನಲಿಲ್ಲ.

ಆಸ್ಪತ್ರೆಯ ಗೇಟಿನ ಬಳಿ ಹೊಂಗೆ ಮರದ ನೆರಳಿದೆ. ಅಲ್ಲಿ ಗಾಡಿ ನಿಲ್ಲಿಸಿ ಡಬ್ಬಿ ತೆಗೆದುಕೊಂಡರು. ನಾನು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ ನಿಂತಿದ್ದೆ. ನೋಡಿದರೆ ಅವರು ನನಗೆ ಬೆನ್ನು ಮಾಡಿ, ಒಂದು ಬಾಟಲಿ ಹೊರತೆಗೆದು ಬೆಳಕಿಗೆ ಹಿಡಿದರು. ಆಮೇಲೆ ಕಿವಿಯ ಹತ್ತಿರ ಒಯ್ದು ಗಡಗಡ ಅಲ್ಲಾಡಿಸಿದರು. ಕೇಳಿಸಿಕೊಂಡರು. ಮತ್ತೆ ಅಲ್ಲಾಡಿಸಿದರು.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಹೇಳಬೇಕು. ನಾವು ಬಲಿತ ಕಾಯಿಯನ್ನು ಕಿತ್ತ ತಕ್ಷಣ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತೇವೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಇಡೀ ಉಂಡೆಯಾಗಿ ಕಳಚಿಕೊಳ್ಳುತ್ತದೆ. ಅದನ್ನು ಗಿಟುಕು ಅನ್ನುತ್ತೇವೆ. ಆಗಿದೆಯೋ ಇಲ್ಲವೋ ತಿಳಿಯುವುದಕ್ಕೆ ಇರುವುದು ಒಂದೇ ದಾರಿ: ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಗುಳುಗುಳು ಅಂದರೆ ಇನ್ನೂ ನೀರಿದೆ, ಇದ್ದ ಜಾಗಕ್ಕೇ ಇಡಬೇಕು. ಗಡಗಡ ಅಂದರೆ ಆಯಿತು, ಕೆಳಗಿಳಿಸಬೇಕು. ನಮ್ಮ ಯಜಮಾನರು ಮೀಸೆ ಬರುವ ಮೊದಲಿನಿಂದ ಅಟ್ಟ ಹತ್ತಿದವರು. ಅವರ ಕೈಗೆ ಏನು ಕೊಟ್ಟರೂ ಅದು ಕಿವಿಗೆ ಹೋಗುತ್ತದೆ. ಗೋಡೆ ಗಡಿಯಾರ, ಟಾರ್ಚು, ಮುಚ್ಚಿದ ಸಕ್ಕರೆ ಡಬ್ಬ, ಯಾವುದನ್ನೂ ಬಿಟ್ಟವರಲ್ಲ. ಈಚೆಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಇದೆ. ಕಿವಿ ಮಂದವಾದಷ್ಟೂ ಕೈ ಜೋರಾಗಿದೆ.

ನಾನು ಹೋಗಿ ಮುಂದೆ ನಿಂತೆ.

"ಅದೇನ್ ಗಿಟುಕಾ?" ಎಂದೆ.

ಅವರು ಬಾಟಲಿಯನ್ನು ಕೆಳಗಿಳಿಸಿದರು. ಕದ್ದು ಸಿಕ್ಕಿಬಿದ್ದವರ ಮುಖ ಅದಲ್ಲ. ಒಳ್ಳೆಯ ಕೆಲಸ ಮಾಡುತ್ತಿರುವಾಗ ಯಾರೋ ಅಡ್ಡ ಬಂದರಲ್ಲ ಅನ್ನುವ ಮುಖ.

"ಮೇಲೆ ಕೆನೆ, ಕೆಳಗೆ ನೀರು ನಿಂತ್ಕಂಡಿರ್ತದೆ ಕಣೇ. ಅಂಗೇ ಕೊಟ್ರೆ ನಮ್ ಹುಡ್ಗಿ ಹಾಲು ಒಡ್ದೈತೆ ಅಂದಾರು. ಅದ್ಕೇ ಕೂಡ್ಸಿ ಕೊಡ್ತೀನಿ. ದಿನಾನೂ."

ಬೈಗುಳ ನನ್ನ ಬಾಯಿಯವರೆಗೆ ಬಂದಿತ್ತು, ಅಲ್ಲೇ ನಿಂತಿತು. ಯುಗಾದಿಗೆ ಒತ್ತುಶಾವಿಗೆ ಮಾಡಿದಾಗ ಕಾಯಿಹಾಲು ಕೂಡಿಸುವುದು ನಮ್ಮ ಮನೆಯಲ್ಲಿ ಇವರ ಕೆಲಸ. ಹಿಂಡಿಟ್ಟ ಕಾಯಿಹಾಲು ಸ್ವಲ್ಪ ಹೊತ್ತಿಗೆ ಎರಡಾಗುತ್ತದೆ, ಮೇಲೆ ಮಂದ, ಕೆಳಗೆ ತೆಳು. ಮುಚ್ಚಳದ ಡಬ್ಬಿಗೆ ಹಾಕಿ ಇವರು ನಾಲ್ಕು ಸಲ ಜೋರಾಗಿ ಕುಲುಕಿದರೆ ಒಂದಾಗುತ್ತದೆ. ಮತ್ತೆ ಎರಡಾದರೆ ಮತ್ತೆ ಕುಲುಕಿದರಾಯಿತು. ಅದು ಅಷ್ಟು ಸುಲಭಕ್ಕೆ ಮುನಿಸಿಕೊಳ್ಳುವ ಹಾಲಲ್ಲ. ಜೀವಮಾನವೆಲ್ಲ ಕಂಡ ಹಾಲು ಅದು. ಇದನ್ನೂ ಹಾಗೇ ಅಂದುಕೊಂಡಿದ್ದಾರೆ. ಮಗಳ ಹಾಲಿನಲ್ಲಿ ಯಾರೂ ಕೊಂಕು ತೆಗೆಯಬಾರದು ಎಂದು ಮರದಡಿ ನಿಂತು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ಕೂಡಿಸಿದ್ದಾರೆ.

"ಕೂಡಿಸ್ತಿಲ್ಲ ನೀವು, ಬೆಣ್ಣೆ ತೆಗೀತಿದೀರ," ಎಂದೆ. "ಉಳಿದ ಬಾಟ್ಲಿ ಮುಟ್ಬ್ಯಾಡಿ. ಇಲ್ಲಿ ಕೊಡಿ."

ಒಳಗೆ ಹೋಗಿ ನರ್ಸಮ್ಮನಿಗೆ ನಡೆದದ್ದನ್ನು ಹೇಳಿದೆ. ಚಿಕ್ಕ ವಯಸ್ಸಿನವರು, ಮಾತು ಕಮ್ಮಿ, ಕೈ ಚುರುಕು. ಅವರು ಎರಡು ಬಾಟಲಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಯಜಮಾನರು ಕುಲುಕಿದ್ದು ಮೇಲ್ನೋಟಕ್ಕೆ ಒಂದೇ ಸಮ ಬೆಳ್ಳಗಿತ್ತು, ಅದರ ಗೋಡೆಯಲ್ಲಿ ಮಾತ್ರ ಕಾಳು ಹತ್ತತೊಡಗಿತ್ತು. ಕುಲುಕದೇ ಇದ್ದದ್ದು ನೋಡಲಿಕ್ಕೆ ಕೆಟ್ಟದಾಗಿತ್ತು, ಮೇಲೆ ಹಳದಿ ಕೆನೆ, ಕೆಳಗೆ ನೀಲಿಗೆ ತಿರುಗಿದ ನೀರು. ನರ್ಸಮ್ಮ ಅದನ್ನು ಉಗುರು ಬೆಚ್ಚಗಿನ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದರು. ಆಮೇಲೆ ಎರಡು ಅಂಗೈಯ ನಡುವೆ ಇಟ್ಟು, ಬತ್ತಿ ಹೊಸೆಯುವ ಹಾಗೆ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದರು. ಕೆನೆ ಹೊಗೆಯ ಹಾಗೆ ಎಳೆ ಎಳೆಯಾಗಿ ಇಳಿದು ಹಾಲಿನೊಳಗೆ ಸೇರಿಹೋಯಿತು. ಒಂದೇ ಒಂದು ಕಾಳು ಕಟ್ಟಲಿಲ್ಲ. ಅರವತ್ತು ವರ್ಷ ಹಾಲು ಮೊಸರಿನ ಜೊತೆ ಇದ್ದರೂ ನಾನು ಹಾಗೆ ಮಾಡಿದವಳಲ್ಲ, ನೋಡಿದವಳೂ ಅಲ್ಲ.

"ಹಾಲು ಕೆಟ್ಟಿಲ್ಲ ಅಜ್ಜಿ," ಅಂದರು ನರ್ಸಮ್ಮ. "ಜಿಡ್ಡೆಲ್ಲ ಬಾಟ್ಲಿಗೆ ಹತ್ಕಂಡು ಕೂತ್ರೆ ಮಗೀಗೆ ತೆಳ್ಳಂದೇ ಹೋಗೋದು. ಮೈ ಹತ್ತೋದು ಜಿಡ್ಡಿಂದ. ನಾನೂ ಬಾಟ್ಲಿ ಎತ್ತಿ ನೋಡ್ಲಿಲ್ಲ, ಮೇಲ್ಗಡೆ ನೋಡಿ ತೆಳ್ಳಗೈತೆ ಅಂದ್ಬುಟ್ಟೆ."

ನಳಿಗೆಯ ಗೋಡೆಗೂ ಜಿಡ್ಡು ಹತ್ತುತ್ತದಂತೆ. ಅದಕ್ಕೇ ಹಾಲಿನ ಸಿರಿಂಜನ್ನು ಮೂತಿ ಮೇಲೆ ಮಾಡಿ ಇಡುತ್ತಾರೆ, ತೇಲಿದ ಕೆನೆ ಮೊದಲು ಹೋಗಲಿ ಎಂದು. ಅದನ್ನೂ ತೋರಿಸಿದರು. ಮತ್ತೆ, ಎಲ್ಲವನ್ನೂ ಇದರ ಮೇಲೆಯೇ ಹಾಕಬೇಡಿ, ಇಷ್ಟು ಬೇಗ ಹುಟ್ಟಿದ ಮಕ್ಕಳು ಮೊದಮೊದಲು ತೂಕ ಕಳೆದುಕೊಳ್ಳುವುದು ಉಂಟು ಎಂದೂ ಅಂದರು. ಹೌದಿರಬಹುದು. ಯಜಮಾನರು ಅಷ್ಟು ದೂರ ಗೋಡೆಗೆ ಒರಗಿ, ತಮ್ಮ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅವರಿಗೆ ಎಷ್ಟು ಕೇಳಿಸಿತೋ ತಿಳಿಯದು. ಬೆಣ್ಣೆ ಹತ್ತಿದ ಬಾಟಲಿಯನ್ನು ತೊಳೆಯದೆ ಕೊಡಿ ಎಂದು ನಾನು ನರ್ಸಮ್ಮನನ್ನು ಕೇಳಿಕೊಂಡೆ.

ವಾಪಸ್ ಬರುವಾಗ ನಾನು ಮತ್ತೆ ಅವರ ಹಿಂದೆ ಕೂತೆ. ನಮ್ಮ ತೋಟದ ಬೇಲಿ ಕಾಣುವಾಗ ಗಾಡಿಯ ವೇಗ ಇಳಿಸಿ, ಕಾಯಿಹಾಲು ಕೂಡಿಕೊಳ್ಳುತ್ತದಲ್ಲ, ಇದ್ಯಾಕೆ ಇಲ್ಲ ಎಂದು ಕೇಳಿದರು. ಕಾಯಿಹಾಲಿಗೂ ಒಂದು ಮಿತಿ ಇದೆ ಎಂದೆ. ಮಿಕ್ಸಿಯಲ್ಲಿ ಹೆಚ್ಚು ಹೊತ್ತು ತಿರುಗಿಸಿದರೆ ಚಟ್ನಿ ಬಿಸಿಯಾಗಿ ಎಣ್ಣೆ ಬಿಡುವುದಿಲ್ಲವೇ. ತಿಪಟೂರಿನಲ್ಲಿ ಈಗ ಬೆಂಕಿಯೇ ಇಲ್ಲದೆ, ಕಾಯಿಹಾಲನ್ನು ಬರೀ ಗಿರಗಿರ ತಿರುಗಿಸಿ ಎಣ್ಣೆ ಬೇರೆ ಮಾಡುವ ಮಿಷಿನು ಬಂದಿಲ್ಲವೇ. ಒಂದೊಂದು ಹಾಲು ಒಂದೊಂದು ಪೆಟ್ಟು ತಡೆಯುತ್ತದೆ, ಇದು ನಿಮ್ಮ ಕೈಯ ಪೆಟ್ಟು ತಡೆಯುವ ಹಾಲಲ್ಲ. ಅವರು ಹ್ಞೂಂ ಅಂದರು. ಮಗಳಿಗೆ ನಾನೇ ಹೇಳುತ್ತೇನೆ ಅಂದರು. ಆದರೆ ಮನೆ ಮುಟ್ಟಿದ ಮೇಲೆ ಜಗಲಿಯಲ್ಲೇ ಕೂತರು. ಒಳಗೆ ಬರಲಿಲ್ಲ.

ನಾನು ಬಾಟಲಿಗೆ ಮಡಕೆಯ ತಣ್ಣೀರು ಹಾಕಿ ಅಲ್ಲಾಡಿಸಿದೆ. ಈಗ ಅಲ್ಲಾಡಿಸಿದರೆ ತಪ್ಪಿಲ್ಲ. ಕಾಳುಗಳು ಗೋಡೆ ಬಿಟ್ಟು ಮೇಲೆ ಬಂದವು. ಬೆರಳಲ್ಲಿ ಒಟ್ಟು ಮಾಡಿ ಉಂಡೆ ಕಟ್ಟಿದೆ. ಎಳ್ಳಿಗಿಂತ ದೊಡ್ಡದು, ಮೆಣಸಿನ ಕಾಳಿಗಿಂತ ಚಿಕ್ಕದು. ಒಳಗೆ ಹೋಗಿ, ಗೋಡೆ ಕಡೆ ತಿರುಗಿ ಮಲಗಿದ್ದವಳ ಕೈ ಎಳೆದು ಅಂಗೈಯಲ್ಲಿಟ್ಟೆ.

"ಇದೇನವ್ವ?"

"ಬೆಣ್ಣೆ."

"ಯಾವ್ ಹಸಿಂದು?"

"ನಿಂದು."

ಅವಳು ನನ್ನ ಮುಖ ನೋಡಿದಳು. ನಾನು ಸಮಾಧಾನಕ್ಕೆ ಸುಳ್ಳು ಹೇಳುವವಳಲ್ಲ ಅನ್ನುವುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು, ಎಷ್ಟೋ ಸಲ ಅದಕ್ಕಾಗಿ ನನ್ನ ಮೇಲೆ ಮುನಿದುಕೊಂಡಿದ್ದಾಳೆ. ಅಂಗೈಯನ್ನು ಮೂಗಿನ ಹತ್ತಿರ ಒಯ್ದಳು. ಬೆರಳಿನಿಂದ ಒತ್ತಿದಳು, ಮೈಯ ಕಾವಿಗೆ ಅದು ಕರಗಿ ಹೊಳೆಯಿತು. ನೀರು ಹಾಲಿನಲ್ಲಿ ಇಷ್ಟು ಎಲ್ಲಿಂದ ಬರುತ್ತದೆ ಹೇಳು ಎಂದೆ. ಇಷ್ಟು ಜಿಡ್ಡು ಬಾಟಲಿಗೆ ಬಳಿದುಕೊಂಡು ಉಳಿಯುತ್ತಿತ್ತು, ಮಗುವಿಗೆ ಹೋಗುತ್ತಿರಲಿಲ್ಲ ಎಂದೆ. ಯಾಕೆ ಹಾಗಾಯಿತು ಎಂದು ಕೇಳಿದಳು. ನಾನು ಬಾಗಿಲ ಕಡೆ ನೋಡಿದೆ.

ಯಜಮಾನರು ಹೊಸ್ತಿಲಾಚೆ ನಿಂತಿದ್ದರು. ಬಾಣಂತಿಯ ಕೋಣೆಗೆ ಅವರು ಕಾಲಿಡುವುದಿಲ್ಲ, ಅಲ್ಲಿಂದಲೇ ಹೇಳಿದರು.

"ಕಡ್ದೋನು ನಾನು ಕಣವ್ವ. ಕೆನೆ ನಿಂತೈತೆ ಅಂತ ಚೆನ್ನಾಗ್ ಅಲ್ಲಾಡಿಸಿ ಕೊಡ್ತಿದ್ದೆ. ನಿನ್ ಹಾಲು ಚೆನ್ನಾಗ್ ಕಾಣ್ಲಿ ಅಂತ."

"ಕಿವೀಗ್ ಇಟ್ಕಂಡಾ?" ಎಂದು ಕೇಳಿದಳು.

ಅವರು ಬಲಗಿವಿಯನ್ನು ಇತ್ತ ತಿರುಗಿಸಿದರು.

"ಅಪ್ಪಾ, ಕಿವೀಗ್ ಇಟ್ಕಂಡು ಅಲ್ಲಾಡಿಸಿದ್ಯಾ?"

"ಇಟ್ಕಂಡೆ," ಅಂದರು.

ಅವಳಿಗೆ ನಗು ಬಂತು. ಹೆರಿಗೆಯಾದ ಮೇಲೆ ಮೊದಲ ಸಲ. ಹೊಲಿಗೆ ಎಳೆಯುತ್ತದೆ ಎಂದು ಎರಡು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು. ಎದೆ ತುಂಬಿ ಕುಪ್ಪಸದ ಮುಂದೆ ಒದ್ದೆಯಾಗಿತ್ತು. ಅತ್ತದ್ದು ಸಾಕು, ಕಟ್ಟಿಕೊಂಡರೆ ಗಂಟಾಗುತ್ತದೆ ಎಂದು ಪಂಪು ಕೈಗೆ ಕೊಟ್ಟೆ. ಇಸಿದುಕೊಂಡಳು. ಅಂಗೈಯ ಜಿಡ್ಡನ್ನು ಒರೆಸಿಕೊಳ್ಳದೆ, ಹಾಗೇ ತನ್ನ ಮೊಣಕೈಗೆ ಸವರಿಕೊಂಡದ್ದನ್ನು ನಾನು ನೋಡಿದೆ. ನೋಡದವಳ ಹಾಗೆ ಬಾಟಲಿ ಹಿಡಿದೆ.

ಅಲ್ಲಿಂದ ಮುಂದೆ ಮೊಪೆಡ್ ಬಿಟ್ಟೆವು. ಹಾಲು ಬಸ್ಸಿನಲ್ಲಿ ಹೋಗತೊಡಗಿತು. ನಾನೇ ಒಯ್ಯುತ್ತಿದ್ದೆ, ಯಜಮಾನರು ಜೊತೆಗೆ ಬರುತ್ತಿದ್ದರು. ಟಾರು ರಸ್ತೆಯವರೆಗಿನ ಕಲ್ಲು ದಾರಿಯನ್ನು ನಡೆದೇ ದಾಟುತ್ತಿದ್ದೆವು. ಇನ್ನೂ ಸಣ್ಣ ಬಾಟಲಿಗಳನ್ನು ಕೇಳಿ ತಂದು, ನರ್ಸಮ್ಮ ತೋರಿಸಿದ ಗೆರೆಯವರೆಗೂ ಪೂರ್ತಿ ತುಂಬಿಸುತ್ತಿದ್ದೆ. ಕುಣಿಯಲು ಜಾಗ ಇಲ್ಲದಿದ್ದರೆ ಬೆಣ್ಣೆ ಬರುವುದು ಕಷ್ಟ ಅನ್ನುವ ನಮ್ಮವ್ವನ ಪಾಠ ಇಲ್ಲಿ ತಿರುಗಾಮುರುಗಾ ಕೆಲಸಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಎತ್ತಿ ಹಾಕುತ್ತದೆ, ಮುಂದೆ ಇಂಜಿನ್ನಿನ ನಡುಕ. ಅದಕ್ಕೇ ನಡುವಿನ ಸೀಟು. ಡಬ್ಬಿಯ ಕೆಳಗೆ ಮಡಿಸಿದ ಕಂಬಳಿ, ಮೇಲೆ ನನ್ನ ಸೆರಗು. ಪಕ್ಕದಲ್ಲಿ ಯಜಮಾನರು ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು. ಆ ಕೈಯನ್ನು ಅವರೇ ನಂಬುತ್ತಿರಲಿಲ್ಲ.

ಹೆಂಗಸರಿಗೆ ಈಗ ಬಸ್ಸು ಬಿಟ್ಟಿ. ಕಂಡಕ್ಟರು ನನಗೆ ಬಿಟ್ಟಿ ಟಿಕೆಟ್ಟು, ಯಜಮಾನರಿಗೆ ದುಡ್ಡಿನ ಟಿಕೆಟ್ಟು ಹರಿಯುತ್ತ ಒಂದು ದಿನ, "ಏನಜ್ಜಿ, ಯಜಮಾನ್ರಿಗಿಂತ ಆ ಡಬ್ಬೀನೇ ಗಟ್ಟಿಯಾಗ್ ಹಿಡ್ಕಂಡಿದೀಯ," ಅಂದ.

"ಯಜಮಾನ್ರು ಬಿದ್ರೆ ಎದ್ಕಂತಾರೆ ಕಣಪ್ಪ. ಇದು ಮೊಮ್ಮಗೀನ ಊಟ. ಹಂಪ್‌ನಾಗೆ ನಿಧಾನ ಹೋಗಾಕೆ ಹೇಳು ನಿಮ್ ಡ್ರೈವರ್‌ಗೆ," ಎಂದೆ.

ಅವನು ಹೋಗಿ ಹೇಳಿರಬೇಕು. ಮಾರನೇ ದಿನದಿಂದ ಸ್ಕೂಲಿನ ಮುಂದಿನ ಹಂಪು ಬರುವಾಗ ಬಸ್ಸು ಬಸುರಿ ಹೆಂಗಸಿನ ಹಾಗೆ ಹತ್ತಿ ಇಳಿಯುತ್ತಿತ್ತು. ಆ ಡ್ರೈವರಿನ ಮುಖ ನಾನು ಸರಿಯಾಗಿ ನೋಡಿಲ್ಲ. ಅವನ ಹಿಂದಲೆ ಮಾತ್ರ ಗೊತ್ತು. ಅವನಿಗೆ ಒಳ್ಳೆಯದಾಗಲಿ.

ತೂಕ ತಕ್ಷಣ ಏರಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಅಲ್ಲೇ ಇತ್ತು. ಆಮೇಲೆ ಒಂದಿಷ್ಟು ಏರಿತು, ಮತ್ತೆ ನಿಂತಿತು, ಮತ್ತೆ ಏರಿತು. ಬೆಣ್ಣೆ ಉಳಿದದ್ದರಿಂದಲೋ, ಅದರ ಕಾಲ ಬಂದದ್ದರಿಂದಲೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ಮಗಳು ಪಂಪನ್ನು ಮತ್ತೆ ಪಕ್ಕಕ್ಕಿಡಲಿಲ್ಲ. ಕರೆಂಟು ಹೋದಾಗಲೂ, ಜ್ವರ ಏರಿದಾಗಲೂ ಕೂತಳು. ಬಾಟಲಿಯಲ್ಲಿ ಕೆನೆ ನಿಂತದ್ದನ್ನು ಕಂಡರೆ ಮೊದಲು ಮುಖ ಬಾಡುತ್ತಿತ್ತು, ಈಗ ನನ್ನನ್ನು ಕರೆದು ತೋರಿಸುತ್ತಿದ್ದಳು, ಇವತ್ತು ಎಷ್ಟು ದಪ್ಪ ನಿಂತಿದೆ ನೋಡು ಎಂದು.

ಹೊಲಿಗೆ ಒಣಗಿದ ಮೇಲೆ ಅವಳೇ ಹೋಗಿ ಆಸ್ಪತ್ರೆಯಲ್ಲಿ ಉಳಿದಳು. ನಾನೂ ಜೊತೆಗಿದ್ದೆ. ನರ್ಸಮ್ಮ ಮಗುವನ್ನು ಎತ್ತಿ ತಂದು ಅವಳ ಬರಿ ಎದೆಯ ಮೇಲೆ ಮಲಗಿಸಿದರು. ಮಗುವಿಗೆ ಏನು ಮಾಡಬೇಕು ಎಂದು ತಿಳಿಯಲಿಲ್ಲ, ಮೊಲೆಗೆ ಕೆನ್ನೆ ಒತ್ತಿ ನಿದ್ದೆ ಹೋಯಿತು. ಅವತ್ತು ಅಷ್ಟೇ. ಎರಡು ದಿನ ಬಿಟ್ಟು ಬಾಯಿ ಹಾಕಿತು, ಬಿಟ್ಟಿತು, ಮತ್ತೆ ಹಾಕಿತು. ಚಪ್ಪರಿಸುವ ಸದ್ದು ಕೇಳಿಸಿತು. ಹಾಲು ಬಾಟಲಿಗೂ ಬೀಳದೆ, ಡಬ್ಬಿಗೂ ಹೋಗದೆ, ಒಂದು ಕಲ್ಲನ್ನೂ ಒಂದು ಹಂಪನ್ನೂ ದಾಟದೆ ಹೋಗಬೇಕಾದ ಜಾಗಕ್ಕೆ ಹೋಯಿತು. ಮಗಳು ಒಂದು ಕೈ ಚಾಚಿ ನನ್ನ ಸೀರೆಯ ಅಂಚು ಹಿಡಿದುಕೊಂಡಳು. ನಡೆಯಲು ಕಲಿಯುವ ವಯಸ್ಸಿನಲ್ಲಿ ಹಾಗೆ ಹಿಡಿಯುತ್ತಿದ್ದಳು. ನನಗೆ ಕಾಲು ಜೋಮು ಹಿ‌ಡಿದರೂ ಅಲ್ಲಾಡದೆ ನಿಂತಿದ್ದೆ.

ಮಗು ಮನೆಗೆ ಬಂದ ದಿನ ಯಜಮಾನರು ಅಟ್ಟದ ಮೇಲಿದ್ದರು. ಕೊಬ್ಬರಿ ಇಳಿಸುವ ಕಾಲ, ಬೆಳಗಿನಿಂದ ಗಡಗಡ ಸದ್ದು. ಆಟೋ ಬಂದದ್ದು ಅವರಿಗೆ ಕೇಳಿಸಲಿಲ್ಲ, ಏಣಿಯ ಬುಡದಲ್ಲಿ ನಿಂತು ಕೂಗಬೇಕಾಯಿತು. ಇಳಿದು ಬಂದು ಮೊಣಕೈಯವರೆಗೆ ಸೋಪು ಹಾಕಿ ತೊಳೆದರು, ಪಂಚೆ ಬದಲಾಯಿಸಿದರು, ಬಂದು ಮಗಳ ಎದುರು ನಿಂತರು. ಕೊಡು ಎಂದು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ದಿನ ಗಾಜಿನಾಚೆಯಿಂದಲೇ ನೋಡಿದವರು, ಒಂದು ಸಲವೂ ಮುಟ್ಟಿರಲಿಲ್ಲ.

ಮಗಳೇ ಬಟ್ಟೆ ಸಮೇತ ಎತ್ತಿ ಅವರ ಎರಡು ಅಂಗೈಯ ಮೇಲೆ ಇಟ್ಟಳು. ಅವರು ತೂಕ ನೋಡುವವರ ಹಾಗೆ ಒಂದು ಕ್ಷಣ ಹಿಡಿದರು. ಆಮೇಲೆ ಆ ಕೈಗಳು ತಮ್ಮ ಹಳೆಯ ದಾರಿಯಲ್ಲಿ ಹೊರಟವು. ಮೆಲ್ಲಗೆ ಮೇಲಕ್ಕೆ, ಬಲಗಿವಿಯ ಕಡೆಗೆ. ನಾನು ಎರಡೇ ಹೆಜ್ಜೆಗೆ ಹೋಗಿ ಅವರ ಮಣಿಕಟ್ಟು ಹಿಡಿದೆ.

"ಕೈ ಬುಡೇ," ಅಂದರು ಅವರು. "ಅಲ್ಲಾಡಿಸಾಕಿಲ್ಲ."

"ಗೊತ್ತು," ಎಂದೆ. ಬಿಡಲಿಲ್ಲ.

ಮಗುವಿನ ಹೊಟ್ಟೆಗೆ ಕಿವಿ ಆನಿಸಿ ಬಹಳ ಹೊತ್ತು ನಿಂತಿದ್ದರು. ಆಗಷ್ಟೇ ಹಾಲು ಕುಡಿದಿತ್ತು ಅದು. ಅವರ ಕೈ ಒಂದಿಷ್ಟೂ ಕದಲಲಿಲ್ಲ, ನನ್ನ ಬೆರಳಿಗೆ ಅವರ ನಾಡಿ ಹೊಡೆದುಕೊಳ್ಳುವುದು ಮಾತ್ರ ಗೊತ್ತಾಗುತ್ತಿತ್ತು. ಏನು ಕೇಳಿಸುತ್ತದಪ್ಪ ಎಂದು ಮಗಳು ಕೇಳಿದಳು.

"ಗುಳುಗುಳು ಅಂತೈತೆ," ಅಂದರು.

ನೀರಿರುವ ಕಾಯಿಯನ್ನು ಇದ್ದ ಜಾಗಕ್ಕೇ ಇಡುವ ಹಾಗೆ, ಬಗ್ಗಿ, ಅದನ್ನು ತಾಯಿಯ ಮಡಿಲಲ್ಲಿ ಇಟ್ಟರು.